ಕೊಟ್ಟಿಗೆ ಗೋಡೆ ಮೇಲೆ ಕೂತಿರೋದು ಸೊಳ್ಳೆನಾ, ಮರಳು ನೊಣನಾ?

ಹೋದ ಮಳೆಗಾಲದಾಗ ನನ್ನ ಎಡಗೈ ಮೇಲೆ ಒಂದು ಗುಳ್ಳೆ ಎದ್ದು ಹುಣ್ಣಾಯಿತು. ನೋವಿಲ್ಲ, ತುರಿಕೆ ಇಲ್ಲ, ಎರಡು ತಿಂಗಳಾದರೂ ಮಾಯಲಿಲ್ಲ. "ಹುಳ ಕಡದದ, ಬಿಡು" ಅಂದ್ರು ಕಾಕಾ. ಅರಿಶಿನ ಹಚ್ಚಿದೆ, ಅಂಗಡಿಯ ಯಾವುದೋ ಮುಲಾಮೂ ಹಚ್ಚಿದೆ. ಕೊನೆಗೆ ಬೀದರಿಗೆ ಹೋದಾಗ ಚರ್ಮದ ಡಾಕ್ಟರ್ ಮೊದಲು ಕೇಳಿದ್ದು, "ರಾತ್ರಿ ಎಲ್ಲಿ ಮಲಗ್ತೀರಿ?" ಕೊಟ್ಟಿಗೆ ಪಕ್ಕ ಅಂದೆ. ಹುಣ್ಣಿನ ಅಂಚು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಲೀಶ್ಮೇನಿಯಾ ಇರಲಿಲ್ಲ, ಬೇರೆ ಸೋಂಕು. ಬದುಕಿದೆ ಅನ್ನಿಸಿತು. ಆದರೆ ಎಲೆ ಮೇಲಿನ ಥ್ರಿಪ್ಸ್ ಗುರುತಿಸೋ ತೋಟಗಾರಿಕೆ ಪದವೀಧರನಿಗೆ ತನ್ನನ್ನೇ ಕಚ್ಚೋ ಹುಳ ಗೊತ್ತಿರಲಿಲ್ಲ!

ಲೀಶ್ಮೇನಿಯಾ ಏಕಕೋಶದ ಪರಾವಲಂಬಿ. ರಾಜಸ್ಥಾನದ ಬಿಕಾನೇರ್, ಹಿಮಾಚಲದ ಸಟ್ಲೆಜ್ ಕಣಿವೆ, ಕೇರಳದ ಘಟ್ಟದ ಊರುಗಳಲ್ಲಿ ಇದರ ಚರ್ಮದ ಹುಣ್ಣು ಕಂಡಿದೆ. ದುಡಿಯೋಕೆ ದೂರದ ಊರಿಗೆ ಹೋಗಿ ಬರೋರು ನಮ್ಮಲ್ಲೂ ಇದ್ದಾರೆ, ಅದಕ್ಕೇ ಹೇಳ್ತಿದ್ದೀನಿ. ಮುಟ್ಟಿದರೆ ಬರಲ್ಲ. ಹೊತ್ತು ತರೋದು ಮರಳು ನೊಣ, ಅದರಲ್ಲೂ ಹೆಣ್ಣು ಮಾತ್ರ, ರಕ್ತ ಹೀರೋದು ಅದೊಂದೇ.

ಗುರುತು ಹೇಗೆ? ಗಾತ್ರ 2ರಿಂದ 3 ಮಿಲಿಮೀಟರ್, ಸೊಳ್ಳೆಗಿಂತ ಬಹಳ ಚಿಕ್ಕದು. ಮೈ ತುಂಬ ಕೂದಲು, ಬಣ್ಣ ಮಾಸಲು ಹಳದಿ ಕಂದು, ಕಣ್ಣು ಕಪ್ಪಗೆ ದೊಡ್ಡವು. ನಿಜವಾದ ಗುರುತು ರೆಕ್ಕೆಯಲ್ಲಿದೆ. ಸೊಳ್ಳೆ ಕೂತಾಗ ರೆಕ್ಕೆಯನ್ನು ಬೆನ್ನ ಮೇಲೆ ಮಡಚಿ ಇಟ್ಟುಕೊಳ್ಳುತ್ತೆ. ಇದು ಎರಡು ರೆಕ್ಕೆಯನ್ನೂ ಮೇಲೆತ್ತಿ, ಬಿಚ್ಚಿದ ಕತ್ತರಿ ಹಾಗೆ ನಿಲ್ಲಿಸಿಕೊಂಡು ಕೂರುತ್ತೆ. ಗುಂಯ್ ಅನ್ನೋ ಸದ್ದಿಲ್ಲ. ಎಬ್ಬಿಸಿದರೆ ಹಾರೋ ಬದಲು ಕುಪ್ಪಳಿಸಿ ಸ್ವಲ್ಪ ದೂರ ಕೂರುತ್ತೆ.

ಹಗಲು ಗೋಡೆ ಬಿರುಕಿನಲ್ಲಿ ಅಡಗಿರುತ್ತೆ. ಬೀದರಿನ ಹಳೇ ಜಂಬಿಟ್ಟಿಗೆ ಗೋಡೆ, ಭಾಲ್ಕಿ, ಔರಾದ ಕಡೆಯ ಎರೆ ಮಣ್ಣಿನ ಬಿರುಕು, ಇಂಥ ಸಂದು ನಮ್ಮಲ್ಲಿ ಕಡಿಮೆಯೇ? ಮರಿ ಬೆಳೆಯೋದು ಸೆಗಣಿ, ಕೊಳೆತ ಎಲೆ ಬೆರೆತ ತೇವದ ಮಣ್ಣಲ್ಲಿ. ಅಂದರೆ ನಾವು ಸಾವಯವದವರು ಮನೆಗೆ ಅಂಟಿಸಿ ಹಾಕೋ ತಿಪ್ಪೆಯಲ್ಲಿ. ನಾನು ನನ್ನ ತಿಪ್ಪೆಯನ್ನ ಹೊಲದ ಆ ಬದಿಗೆ ಸಾಗಿಸಿದೆ. ಇದು ದುರ್ಬಲ ಹಾರಾಟದ ಹುಳ, ಬಹಳ ದೂರ ಬರಲ್ಲ.

ಹಿಡಿದು ನೋಡಬೇಕೆಂದರೆ ಬಿಳಿ ಕಾಗದಕ್ಕೆ ಔಡಲೆಣ್ಣೆ ಸವರಿ, ಸಂಜೆ ಕೊಟ್ಟಿಗೆ ಗೋಡೆ ಬಿರುಕಿನ ಹತ್ತಿರ ತೂಗುಹಾಕಿ, ಬೆಳಗ್ಗೆ ನೋಡಿ. ಸಮೀಕ್ಷೆ ಮಾಡೋರೂ ಇದೇ ವಿಧಾನ ಬಳಸ್ತಾರೆ. ಎಣ್ಣೆಯಲ್ಲಿ ಬಿದ್ದದ್ದರ ರೆಕ್ಕೆ ಚದುರಿರುತ್ತೆ, ಹಾಗಾಗಿ ಕೂತಿರೋ ಭಂಗಿಯ ಫೋಟೋ ರಾತ್ರಿಯೇ ಟಾರ್ಚ್ ಬಿಟ್ಟು, ಮೊಬೈಲ್ ಮ್ಯಾಕ್ರೋದಲ್ಲಿ ತೆಗೀರಿ. ಫೋಟೋದಿಂದ ಮರಳು ನೊಣ ಅಂತ ಹೇಳಬಹುದು, ರೋಗ ಹೊತ್ತಿದೆಯೋ ಇಲ್ಲವೋ ಹೇಳಲಾಗದು. ಜಾತಿ ತಿಳಿಯೋಕೇ ಸೂಕ್ಷ್ಮದರ್ಶಕ ಬೇಕು.

ಬಿರುಕನ್ನ ಮಣ್ಣು, ಸುಣ್ಣ ಬೆರೆಸಿ ಮುಚ್ಚಿ. ಸಾಮಾನ್ಯ ಸೊಳ್ಳೆಪರದೆಯ ತೂತಿನಿಂದ ಇದು ನುಸುಳಬಲ್ಲದು, ಸಣ್ಣ ಹೆಣಿಗೆಯದ್ದೋ, ಕೀಟನಾಶಕ ಲೇಪಿಸಿದ್ದೋ ತಗೊಳ್ಳಿ. ಸಾವಯವ ಅಂತ ನಾನಿಲ್ಲಿ ಹಟ ಮಾಡಲ್ಲ. ಅಂಚು ಉಬ್ಬಿ, ನಡುವೆ ಹೆಪ್ಪುಗಟ್ಟಿದ ನೋವಿಲ್ಲದ ಹುಣ್ಣು ಒಂದು ತಿಂಗಳಾದರೂ ಮಾಯದಿದ್ದರೆ ಮುಲಾಮು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಹಿಂದಿನ ಕೆಲವು ತಿಂಗಳಲ್ಲಿ ಎಲ್ಲೆಲ್ಲಿ ದುಡಿದಿರಿ, ಎಲ್ಲಿ ಮಲಗಿದಿರಿ ಅಂತ ಅವರು ಕೇಳದಿದ್ದರೂ ಹೇಳಿ.