ಪೆಟ್ಟಿಗೆಯೊಳಗಣ ಪೆಟ್ಟಿಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವೈದ್ಯರೂ, ದಾದಿಯರೂ, ವಕೀಲರೂ, ಉಪಾಧ್ಯಾಯಿನಿಯರೂ ಅನೇಕರುಂಟು. ರೋಗಿಗಳ ವಿವರಗಳು, ಕಕ್ಷಿಗಾರರ ಪತ್ರಗಳು, ದುಃಖಿತೆಯೊಬ್ಬಳು ನಂಬಿ ತಿಳುಹಿದ ಸಂಗತಿಗಳು, ಇವೆಲ್ಲವೂ ಈಗ ಕಂಪ್ಯೂಟರಿನಲ್ಲಿ ಕಡತಗಳಾಗಿ ಸೇರಿರುತ್ತವೆ. ಪರರ ಗುಟ್ಟನ್ನು ಕಾಯುವ ಹೊಣೆಯು ಹೀಗೆ ಅವರ ಮೇಲೆ ಬಿದ್ದಿರುವುದರಿಂದ, ಅದರ ಒಂದು ಉಪಾಯವನ್ನು ಇಲ್ಲಿ ವಿವರಿಸುವುದು ಉಚಿತವೆಂದೆಣಿಸುತ್ತೇವೆ.

ಕಡತಗಳನ್ನು ಗೂಢಲಿಪಿಗೆ ತಿರುಗಿಸಿಡುವುದು ಮೊದಲನೆಯ ಮಾರ್ಗ. ಬೆಲ್ಜಿಯಮ್ ದೇಶದ ಇಬ್ಬರು ಪಂಡಿತರು ರಚಿಸಿದ ಕ್ರಮವೊಂದನ್ನು ಅಮೆರಿಕದ ಸರಕಾರವು 2001ರಲ್ಲಿ ಎ.ಇ.ಎಸ್. ಎಂಬ ಹೆಸರಿನಿಂದ ಅಂಗೀಕರಿಸಿತು. ಅದರಿಂದ ಬರೆದುದು ಪಾಸ್‌ವರ್ಡನ್ನು ಅರಿಯದವರಿಗೆ ಅರ್ಥಹೀನವಾದ ಅಕ್ಷರರಾಶಿಯಾಗಿ ತೋರುವುದು. ಆದರೆ ಬೀಗವನ್ನು ಕಂಡವನು ಬೀಗದ ಕೈಯನ್ನು ಕೇಳದೆ ಬಿಡುವನೇ? ಕಳ್ಳನಾಗಲಿ, ಮನೆಯವರಲ್ಲೇ ಒಬ್ಬ ನಿರ್ದಯನಾಗಲಿ ಹೆದರಿಸಿ ಪಾಸ್‌ವರ್ಡನ್ನು ಹೇಳಿಸಿದರೆ ಗೂಢಲಿಪಿಯು ನಿಷ್ಫಲವಾಗುವುದು.

ಈ ಸಂಕಟಕ್ಕೆ ಪರಿಹಾರವಾಗಿ ಗುಪ್ತ ಸಂಪುಟವೆಂಬುದು ಹುಟ್ಟಿತು. 2004ರಲ್ಲಿ ಹೊರಬಂದ ಟ್ರೂಕ್ರಿಪ್ಟ್ ಇದನ್ನು ಪ್ರಸಿದ್ಧಿಗೆ ತಂದಿತು. ಅದರ ಕೆಲಸವು 2014ರಲ್ಲಿ ನಿಂತುಹೋಯಿತು. ಅದರಿಂದಲೇ ಬೆಳೆದು 2013ರಲ್ಲಿ ಪ್ರಕಟವಾದ ವೆರಾಕ್ರಿಪ್ಟ್ ಇಂದು ಕ್ರಯವಿಲ್ಲದೆ ದೊರೆಯುತ್ತದೆ. ಇದರಲ್ಲಿ ಮೊದಲು ಹೊರಪೆಟ್ಟಿಗೆಯೊಂದನ್ನು ಮಾಡಿ, ಅದರ ಬರಿದಾದ ಜಾಗವನ್ನೆಲ್ಲ ಕ್ರಮವಿಲ್ಲದ ಅಂಕಿಗಳಿಂದ ತುಂಬುತ್ತಾರೆ. ಆ ಬರಿ ಜಾಗದಲ್ಲಿಯೇ ಬೇರೆ ಪಾಸ್‌ವರ್ಡುಳ್ಳ ಒಳಪೆಟ್ಟಿಗೆಯೊಂದು ಅಡಗಿರುತ್ತದೆ. ಮೊದಲನೆಯ ಪಾಸ್‌ವರ್ಡಿನಿಂದ ಹೊರಗಿನ ಸಾಧಾರಣ ಕಾಗದಗಳು ಮಾತ್ರ ಕಾಣುವುವು, ಎರಡನೆಯದರಿಂದ ಒಳಗಿನವು. ಗೂಢಲಿಪಿಯೂ ಕ್ರಮವಿಲ್ಲದ ಅಂಕಿಗಳೂ ಒಂದೇ ತೆರನಾಗಿ ಕಾಣುವುದರಿಂದ, ಒಳಪೆಟ್ಟಿಗೆ ಉಂಟೋ ಇಲ್ಲವೋ ಎಂಬುದನ್ನು ಪೆಟ್ಟಿಗೆಯನ್ನು ನೋಡಿ ನಿರ್ಣಯಿಸಲಾಗದು.

ಆದರೂ ಎಚ್ಚರಿಕೆಗಳುಂಟು. ಹೊರಪೆಟ್ಟಿಗೆಗೆ ಹೊಸ ಕಡತಗಳನ್ನು ಸೇರಿಸಿದರೆ ಒಳಗಿನವು ಅಳಿದುಹೋಗಬಹುದು. ಆದುದರಿಂದ ಸೇರಿಸುವಾಗ ಎರಡು ಪಾಸ್‌ವರ್ಡುಗಳನ್ನೂ ಕೊಟ್ಟು ಒಳಪೆಟ್ಟಿಗೆಯ ರಕ್ಷಣೆಯನ್ನು ಏರ್ಪಡಿಸಿಕೊಳ್ಳಬೇಕು. ಎರಡನೆಯದಾಗಿ, ಗುಟ್ಟನ್ನು ಒಡೆಯುವುದು ಹಲವು ವೇಳೆ ಪೆಟ್ಟಿಗೆಯಲ್ಲ, ಅದರ ನೆರೆಹೊರೆ. ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯೂ, ಬರೆವಣಿಗೆಯ ಸಾಧನವು ತಾನಾಗಿ ತೆಗೆದಿಡುವ ಪ್ರತಿಗಳೂ ಒಳಪೆಟ್ಟಿಗೆಯ ಸುಳಿವನ್ನು ಕೊಡುವುವೆಂದು 2008ರಲ್ಲಿ ಬ್ರೂಸ್ ಷ್ನಯರ್ ಮೊದಲಾದ ಪರಿಶೋಧಕರು ತೋರಿಸಿದರು. ಮೂರನೆಯದಾಗಿ, ಮರೆತ ಪಾಸ್‌ವರ್ಡನ್ನು ಮರಳಿ ಕೊಡಬಲ್ಲವರು ಯಾರೂ ಇಲ್ಲ.

ಈ ಉಪಾಯವು ನ್ಯಾಯವನ್ನು ತಪ್ಪಿಸುವುದಕ್ಕಲ್ಲ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮಿನ ಪ್ರಕಾರ, ಕ್ರಮಬದ್ಧವಾದ ಆಜ್ಞೆಯಾದಾಗ ಗೂಢಲಿಪಿಯನ್ನು ಬಿಡಿಸಲು ನೆರವಾಗದಿರುವುದು ಅಪರಾಧವಾಗಿದೆ.

ಇದನ್ನು ಕೈಗೊಳ್ಳುವವರು ಮೊದಲು ಬೆಲೆಯಿಲ್ಲದ ಕಡತಗಳಿಂದ ಅಭ್ಯಾಸ ಮಾಡಲಿ; ಹೊರಪೆಟ್ಟಿಗೆಯಲ್ಲಿ ನಂಬತಕ್ಕ ಕಾಗದಗಳನ್ನಿಡಲಿ; ಕೈ ಪಳಗಿದ ಮೇಲೆ ಅಮೂಲ್ಯವಾದುದನ್ನು ಒಪ್ಪಿಸಲಿ. ನಮ್ಮನ್ನು ನಂಬಿದವರ ಮಾತು ಅನ್ಯರ ಕೈ ಸೇರದಿರಲು ಇಷ್ಟು ಶ್ರಮವು ಹೆಚ್ಚೆಂದು ನಾವು ಭಾವಿಸುವುದಿಲ್ಲ.