ಕೊರಮೀನು ಸಾಕುವವರು ಮೊದಲು ಮೇವಿನ ಮೀನು ಬೆಳೆಸಬೇಕು

ನೀರಾವರಿಗೆಂದು ತೆಗೆದ ಕೆರೆ, ಹೊಂಡಗಳಲ್ಲಿ ಕೊರಮೀನು ಸಾಕಬಹುದೇ ಎಂದು ಸದಸ್ಯ ಬಾಂಧವರು ವಿಚಾರಿಸುವುದುಂಟು. ಮಲೆನಾಡಿನ ಕಡೆ ಕುಚ್ಚು ಎನ್ನುವ ಮುರ್ರೆಲ್ ಮೀನೇ ಇದು. ಸಾಕಲು ಅಡ್ಡಿಯಿಲ್ಲ. ಆದರೆ ಇದು ಬೇಟೆಯಾಡುವ ಮೀನು. ಕೃತಕ ಆಹಾರಕ್ಕೆ ಪಳಗಿಸದಿದ್ದರೆ ಇದಕ್ಕೆ ಜೀವಂತ ಮೇವು ಬೇಕು.

ಅಮೆರಿಕದ ರೈತರು ತಮ್ಮ ಕೊಳಗಳಲ್ಲಿ ಬಾಸ್ ಎಂಬ ಬೇಟೆ ಮೀನಿಗೆ ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಮೇವಾಗಿ ಬಿಡುತ್ತಾರೆ. ಅಲಬಾಮಾದ ಆಬರ್ನ್‌ನಲ್ಲಿ ಸ್ವಿಂಗಲ್ ಎಂಬ ವಿಜ್ಞಾನಿ ಈ ಎರಡರ ಸಮತೋಲವನ್ನು ಅಭ್ಯಾಸ ಮಾಡಿ 1950ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಬ್ಲೂಗಿಲ್‌ನ ಕೆಲಸವನ್ನು ಕೆರೆಯ ಸಣ್ಣ ಪಕ್ಕೆ ಮೀನುಗಳು ಮಾಡಬಲ್ಲವು.

ಲೆಕ್ಕ ಹೀಗಿದೆ. ಬೇಟೆ ಮೀನು 1 ಕಿಲೋ ಬೆಳೆಯಲು ಸುಮಾರು 5ರಿಂದ 10 ಕಿಲೋ ಮೇವಿನ ಮೀನು ಬೇಕು. ತಲಾ ಅರ್ಧ ಕಿಲೋ ತೂಗುವ 100 ಕೊರಮೀನು ಬೇಕೆಂದರೆ, ಕಡಿಮೆಯೆಂದರೂ 250 ಕಿಲೋ ಮೇವು ಆ ಹೊಂಡದಲ್ಲೇ ಹುಟ್ಟುತ್ತಿರಬೇಕು. ಆದ್ದರಿಂದ ಮಳೆಗಾಲದ ಆರಂಭದಲ್ಲಿ ಪಕ್ಕೆ ಮೀನು ಬಿಟ್ಟು, ಹಳೆಯ ಸಗಣಿ ಗೊಬ್ಬರದಿಂದ ನೀರಿಗೆ ತುಸು ಹಸಿರು ಬರಿಸಿ, ಅವು ಮರಿಹಾಕಿದ ಮೇಲೆಯೇ ಕೊರಮೀನಿನ ಮರಿ ತರಬೇಕು. ಮರಿಗಳೆಲ್ಲ ಒಂದೇ ಅಳತೆಯವಾಗಿರಲಿ. ಇಲ್ಲವಾದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ.

ಎಷ್ಟು ಮರಿ ಬಿಡಬೇಕೆಂಬುದನ್ನು ಬೇಸಿಗೆಯ ನೀರು ನೋಡಿ ನಿರ್ಧರಿಸಬೇಕು. ಕಲಬುರಗಿ ನಗರದಿಂದ ಹುಮನಾಬಾದ್ ಕಡೆಯ ರಸ್ತೆಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವನ್ನೇ ತೆಗೆದುಕೊಳ್ಳೋಣ. ಆ ಸೀಮೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಸ್ಟಿನಲ್ಲಿ ತುಂಬಿದ ಹೊಂಡ ಏಪ್ರಿಲ್‌ಗೆ ಕುಗ್ಗಿರುತ್ತದೆ. ಬಿಸಿಯಾದ ಅಲ್ಪ ನೀರಿನಲ್ಲಿ ಬೆಳಗಿನ ಜಾವ ಆಮ್ಲಜನಕ ಕಡಿಮೆಯಾದಾಗ ಮೇವಿನ ಮೀನು ಮೊದಲು ಸಾಯುತ್ತದೆ. ಕೊರಮೀನು ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬದುಕಿಕೊಳ್ಳುತ್ತದೆ. ಮುಂದೆ ಹಸಿವಿಗೆ ತನ್ನ ಕುಲವನ್ನೇ ತಿನ್ನತೊಡಗುತ್ತದೆ. ಅಲ್ಲಿಯವರು ನೀರು ಇಳಿಯುವ ಮುನ್ನವೇ ದೊಡ್ಡ ಮೀನುಗಳನ್ನು ಹಿಡಿದು ಕಲಬುರಗಿ ಪೇಟೆಗೆ ಸಾಗಿಸುವುದು ಲೇಸು. ಗಾಳಿ ಉಸಿರಾಡುವ ಮೀನಾದ್ದರಿಂದ ಜೀವಂತವಾಗಿಯೇ ಒಯ್ಯಬಹುದು.

ನಮ್ಮ ಕಾಫಿ ತೋಟಗಳಲ್ಲಿ ಇದೇ ಕಷ್ಟ ಇನ್ನೂ ಬೇಗ ಬರುತ್ತದೆ. ಫೆಬ್ರುವರಿ–ಮಾರ್ಚಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದಾಗ ಕೆಲವೇ ದಿನಗಳಲ್ಲಿ ಕೆರೆ ಇಳಿಯುತ್ತದೆ. ಮೀನು ಹಿಡಿಯುವ ಕೆಲಸ ಅದಕ್ಕೂ ಮುಂಚೆ ಮುಗಿದಿರಬೇಕು.

ಇನ್ನು ಮೂರು ಎಚ್ಚರಿಕೆಗಳು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದ ಪಂಪನ್ನು ಕೆರೆಯಲ್ಲಿ ತೊಳೆಯಬಾರದು. ತಾಮ್ರ ಮೀನಿಗೆ ವಿಷ. ಪಲ್ಪರ್ ನೀರು ಕೆರೆಗೆ ಸೇರಬಾರದು; ಅದು ಕೊಳೆಯುತ್ತ ಆಮ್ಲಜನಕವನ್ನು ಹೀರಿಬಿಡುತ್ತದೆ. ಮಳೆ ಬಂದಾಗ ಕೊರಮೀನು ಜಿಗಿದು, ತೆವಳಿ ದಾಟಿಹೋಗುವುದರಿಂದ ದಂಡೆಯ ಸುತ್ತ ಬಲೆಯ ಬೇಲಿ ಅವಶ್ಯ.

ಮೇವಿಗೂ ಬೇಸಿಗೆಯ ನೀರಿಗೂ ಲೆಕ್ಕ ಹಾಕಿ, ಕೆಲವೇ ಮರಿಗಳಿಂದ ಆರಂಭಿಸಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.