ದೊಡ್ಡಮ್ಮನ ತೋರುಬೆರಳು

2021ರ ಮೇ ತಿಂಗಳು. ಮಲೆನಾಡಿನ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡಮ್ಮ ಒಬ್ಬರೇ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದರು. ವಾರದ ಹಿಂದೆ ಬಂದಿದ್ದ ಜ್ವರ ಇಳಿದಿತ್ತು, ಸುಸ್ತು ಉಳಿದಿತ್ತು. ಅಂಗಳಕ್ಕೆ ಬಂದ ಆಶಾ ಕಾರ್ಯಕರ್ತೆ ಚೀಲದಿಂದ ಬಟ್ಟೆಯ ಕ್ಲಿಪ್ಪಿನಂಥದ್ದೊಂದನ್ನು ತೆಗೆದು, "ಅಮ್ಮಾ, ಬೆರಳು ಕೊಡಿ" ಎಂದರು.

"ನಂಗೆಂತ ಆಗಿದೆ ಮಾರಾಯ್ತಿ, ಗಟ್ಟಿ ಇದ್ದೇನೆ" ಎನ್ನುತ್ತಲೇ ದೊಡ್ಡಮ್ಮ ಎಣ್ಣೆಗೈ ಒರೆಸಿಕೊಂಡು ತೋರುಬೆರಳು ಚಾಚಿದರು.

ಉಗುರಿನ ಸುತ್ತ ಕೆಂಪು ಬೆಳಕು ಹರಡಿತು. ಚಿಕ್ಕಂದಿನಲ್ಲಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿದರೆ ಕಾಣುತ್ತಿತ್ತಲ್ಲ, ಅದೇ ಕೆಂಪು. ಅಂಕಿ ಅತ್ತಿತ್ತ ಓಡಾಡಿ ನಿಂತಿತು: 86. ಆಕೆ ಕೈ ತೊಳೆಸಿ, ಉಜ್ಜಿ ಬಿಸಿ ಮಾಡಿ, ನಡುಬೆರಳಿಗೆ ಸಿಕ್ಕಿಸಿದರು. 85. ದೊಡ್ಡಮ್ಮ ಆಗಲೂ ಈ ಸಲದ ಹಲಸು ಸಪ್ಪೆ ಎಂದು ಹೇಳುತ್ತಲೇ ಇದ್ದರು. ಹತ್ತಿರ ಹೋಗಿ ನೋಡಿದರೆ ತುಟಿಯಂಚು ನೇರಳೆಗೆ ತಿರುಗಿತ್ತು.

ಆರೋಗ್ಯವಂತರಲ್ಲಿ ಈ ಅಂಕಿ ಸಾಮಾನ್ಯವಾಗಿ 95ರಿಂದ 100. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬ ಲೆಕ್ಕ ಅದು. ಆಮ್ಲಜನಕ ಹೊತ್ತ ರಕ್ತ ಕೆಂಪು ಬೆಳಕನ್ನು ಹಾಯಲು ಬಿಡುತ್ತದೆ, ಬರಿಗೈ ರಕ್ತ ಹೆಚ್ಚು ಹೀರಿಕೊಳ್ಳುತ್ತದೆ. ನಾಡಿಯ ಬಡಿತವನ್ನೇ ಆಧರಿಸಿ ಇದನ್ನು ಅಳೆಯುವ ಉಪಾಯವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ಟಾಕುವೊ ಅವೊಯಾಗಿ. ಕೋವಿಡ್ ಜಗತ್ತನ್ನು ಆವರಿಸಿದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ನಮ್ಮ ಜಗಲಿಯಂಥ ಎಷ್ಟು ಜಗಲಿಗಳಿಗೆ ಅವರ ಬೆಳಕು ಬಂತೋ!

ಅಷ್ಟು ಇಳಿದರೂ ಏದುಸಿರೇಕೆ ಬರಲಿಲ್ಲ? ಉಸಿರಿಗೆ ಆತುರ ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಕೂಡಿಕೊಳ್ಳುವ ಇಂಗಾಲದ ಡೈಆಕ್ಸೈಡ್. ದೊಡ್ಡಮ್ಮನಂತೆ ಕೋವಿಡ್ ತಗುಲಿದ ಅನೇಕರಲ್ಲಿ ಅದು ಹೊರಹೋಗುತ್ತಲೇ ಇತ್ತು. ಆಮ್ಲಜನಕ ಮಾತ್ರ ಸದ್ದಿಲ್ಲದೆ ಇಳಿಯುತ್ತಿತ್ತು. ಮೈ ದೂರು ಹೇಳಲಿಲ್ಲ, ಬೆರಳು ಹೇಳಿತು.

ಸಂಜೆಯೊಳಗೆ ದೊಡ್ಡಮ್ಮ ಆಸ್ಪತ್ರೆಯ ಮಂಚದಲ್ಲಿದ್ದರು. ಒಂಬತ್ತು ದಿನ ಮೂಗಿಗೆ ನಳಿಕೆ, ದಿನಕ್ಕೆ ಹಲವು ಗಂಟೆ ಬೋರಲು ಮಲಗುವುದು. ಹತ್ತನೆಯ ದಿನ ಮನೆಗೆ ಬಂದು ಮೊದಲು ಕೇಳಿದ್ದು ಹಪ್ಪಳ ಒಣಗಿತೇ ಎಂದು.

ಬೆರಳಿಗೆ ಸಿಕ್ಕಿಸುವ ಆ ಕ್ಲಿಪ್ಪಿನ ಹೆಸರು ಆಕ್ಸಿಮೀಟರ್. ಆಗ ಕೊಂಡದ್ದು ಈಗ ಎಷ್ಟೋ ಮನೆಗಳ ಕಪಾಟಿನಲ್ಲಿ ಸೆಲ್ ಸತ್ತು ಬಿದ್ದಿದೆ. ಮನೆಯಲ್ಲಿ ಹಿರಿಯರಿದ್ದರೆ, ಆಸ್ತಮಾ ಇರುವವರಿದ್ದರೆ, ಹೊಸ ಸೆಲ್ ಹಾಕಿಡಿ. ಉಗುರಿನ ಬಣ್ಣ, ತಣ್ಣಗಿನ ಕೈ ಲೆಕ್ಕ ತಪ್ಪಿಸುತ್ತವೆ. ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಎರಡು ಬೆರಳಿಗೆ ಹಾಕಿ ನೋಡಿದರೂ 94ಕ್ಕಿಂತ ಕೆಳಗೇ ನಿಂತರೆ, "ಗಟ್ಟಿ ಇದ್ದೇನೆ" ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ.